ದೇವಸ್ಥಾನದ ಗಡಿಯಿಂದ 88 ಮೀಟರ್ ದೂರದ ನಮ್ಮ ಮನೆ

2022ರ ಆಗಸ್ಟ್ ತಿಂಗಳು. ಬೆಳಗಿನ ಜಾವ ಅಮ್ಮನ ಫೋನ್ ಬಂತು. "ಹಿತ್ಲ ಕಡೆ ಗೋಡೆ ಕೂತ್ಕೊಂಡ್‌ಬಿಡ್ತು ಕಣೆ" ಅಂದರು. ಬಿತ್ತು ಅನ್ನಲಿಲ್ಲ, ಕೂತುಕೊಂಡಿತು ಅಂದರು. ಹೋಗಿ ನೋಡಿದಾಗ ಅದೇ ಸರಿಯಾದ ಮಾತು ಅನ್ನಿಸಿತು. 14 ಅಡಿ ಉದ್ದದ ಮಣ್ಣಿನ ಗೋಡೆ ಬುಡದಲ್ಲಿ ಕರಗಿ, ನಿಂತ ಜಾಗದಲ್ಲೇ ಕುಸಿದು ಗುಡ್ಡೆಯಾಗಿತ್ತು. ಮೇಲಿನ ತೊಲೆ ಮಾತ್ರ ಒಳಗಿನ ಕಂಬಗಳ ಆಸರೆಯಲ್ಲಿ ಹಾಗೇ ನಿಂತಿತ್ತು. ಹೆಂಚು ಒಂದಿಪ್ಪತ್ತು ಜಾರಿದ್ದವು, ಅಷ್ಟೆ. ಆ ವರ್ಷ ಮಳೆ ಬಿಡದೆ ಹೊಡೆದಿತ್ತು.

ಮನೆ ನಮ್ಮ ತಾತ ಕಟ್ಟಿಸಿದ್ದು. ಹಾಸನ ಜಿಲ್ಲೆಯ ಒಂದು ಹಳ್ಳಿ. ನಡುವೆ ತೊಟ್ಟಿ, ಸುತ್ತ ಹಜಾರ, ಮುಂದೆ ಜಗಲಿ, ಮೇಲೆ ನಾಡಹೆಂಚು. ಒಂದು ಕಾಲಕ್ಕೆ ಬೀದಿ ತುಂಬ ಇಂಥ ಮನೆಗಳೇ ಇದ್ದವು. ಈಗ ಉಳಿದಿರುವುದು ಐದು. ಬೀದಿಯ ತುದಿಯಲ್ಲಿ ಹೊಯ್ಸಳರ ಕಾಲದ ದೇವಸ್ಥಾನ, ಅದರ ಮಗ್ಗುಲಿಗೆ ಕಲ್ಯಾಣಿ. ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಗೇಟಿನ ಹತ್ತಿರದ ನೀಲಿ ಬೋರ್ಡನ್ನು ಚಿಕ್ಕಂದಿನಿಂದ ನೋಡಿಕೊಂಡೇ ಬೆಳೆದೆವು. ಸ್ಮಾರಕಕ್ಕೆ ಹಾನಿ ಮಾಡಿದರೆ ಮೂರು ತಿಂಗಳ ಸೆರೆ ಅಥವಾ 5,000 ರೂಪಾಯಿ ದಂಡ ಅಂತ ಅದರಲ್ಲಿ ಬರೆದಿತ್ತು. ದೇವಸ್ಥಾನದ ಕಲ್ಲು ಕೆತ್ತುವವರಿಗೆ ಹೇಳಿದ ಮಾತು ಅಂದುಕೊಂಡಿದ್ದೆವು. ನಮ್ಮ ಮನೆ ಗೋಡೆಗೂ ಆ ಕಾನೂನಿಗೂ ನಂಟಿದೆ ಅಂತ ಗೊತ್ತಾದದ್ದು ಗೋಡೆ ಹೋದ ಮೇಲೆ.

ತಮ್ಮ ಅವತ್ತೇ ಹೇಳಿದ. "ಉಳಿದಿದ್ದನ್ನೂ ಕೆಡವಿ ಆರ್‌ಸಿಸಿ ಮನೆ ಕಟ್ಟಿಸೋಣ ಅಕ್ಕ. ಇನ್ನೆಷ್ಟು ವರ್ಷ ಅಂತ ಹೆಂಚು ಕೈಯಾಡಿಸೋದು?" ನಾನೂ ಒಪ್ಪಿದ್ದೆ. ಅಮ್ಮನ ವಯಸ್ಸಿಗೆ ಒಂದು ಒಣಗಿದ, ಗಟ್ಟಿ ಮನೆ ಬೇಕು ಅನ್ನುವುದೇ ಆಗ ನನ್ನ ಮುಂದಿದ್ದ ಚಿಂತೆ.

ನಮ್ಮನ್ನು ತಡೆದದ್ದು ಪಕ್ಕದ ಬೀದಿಯ ಒಂದು ಮನೆ. ಅಲ್ಲಿ ನಾಲ್ಕು ಕಾಂಕ್ರೀಟ್ ಕಂಬಗಳು ತಲೆಯ ಮೇಲೆ ಕಬ್ಬಿಣದ ಸರಳು ಬಿಟ್ಟುಕೊಂಡು ನಿಂತಿವೆ. ಸರಳು ತುಕ್ಕು ಹಿಡಿದು ಕೆಂಪಗಾಗಿದೆ. ಪಂಚಾಯಿತಿಯ ಲೈಸೆನ್ಸ್ ತೋರಿಸಿಯೇ ಅವರು ಮಹಡಿ ಶುರು ಮಾಡಿದ್ದರು. ಕಂಬ ಏಳುವಷ್ಟರಲ್ಲಿ ನೋಟಿಸ್ ಬಂತು. ಪಂಚಾಯಿತಿ ಲೈಸೆನ್ಸ್ ಒಂದೇ ಇಲ್ಲಿ ಸಾಲದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಲೈಸೆನ್ಸ್ ಕೊಟ್ಟವರೂ ಹೇಳಲಿಲ್ಲ. ಸಾಲ ಮಾಡಿ ಕಟ್ಟಿದ್ದ ಆ ಮನೆಯ ಹೆಂಗಸು ನಮ್ಮಮ್ಮನ ಹತ್ತಿರ ಬಂದು, "ನೀವಾದ್ರೂ ಕೇಳ್ಕೊಂಡು ಕೈ ಹಾಕಿ" ಅಂದರು. ಆ ಮಾತಿಗೆ ನಾವು ಇವತ್ತಿಗೂ ಋಣಿ.

ಕೇಳಿಕೊಂಡು ಬರೋಣ ಅಂದರೆ ಚಿಕ್ಕಪ್ಪನಿಗೆ ಇಷ್ಟವಿರಲಿಲ್ಲ. "ಅರ್ಜಿ ಹಾಕಿದ್ರೆ ನಾವಾಗೇ ಹೋಗಿ ಅವರ ಕಣ್ಣಿಗೆ ಬಿದ್ದಂಗೆ. ಸುಮ್ನೆ ರಾತ್ರೋರಾತ್ರಿ ಕಟ್ಟಿಸಿಬಿಡಿ" ಅಂದರು. ಈ ಭಯ ಅವರೊಬ್ಬರದ್ದಲ್ಲ. 2011ರಲ್ಲಿ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದ್ದನ್ನು ಟೀವಿಯಲ್ಲಿ ನೋಡಿದ ಊರು ನಮ್ಮದು. ಸ್ಮಾರಕದ ಪಕ್ಕ ಇರುವ ಮನೆಗಳವರು ಇಲಾಖೆಯ ಜೀಪು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಕಟ್ಟಿದ ಮನೆ ಹೋಗುವ ಭಯ ಸಣ್ಣದಲ್ಲ. ಆದರೆ ಭಯದಿಂದ ಯಾರೂ ನಿಯಮ ಏನು ಅಂತ ಓದಿ ನೋಡಿರಲಿಲ್ಲ. ನಾವೂ ಓದಿರಲಿಲ್ಲ.

ಓದಿದಾಗ ತಿಳಿದದ್ದು ಇಷ್ಟು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಒಂದು ಕಾಯ್ದೆ ಇದೆ. 2010ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ರಕ್ಷಿತ ಪ್ರದೇಶದ ಗಡಿಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವ ಹಾಗೇ ಇಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವಾದರೆ, ಅನುಮತಿ ತೆಗೆದುಕೊಂಡು ದುರಸ್ತಿ, ನವೀಕರಣ ಮಾಡಿಕೊಳ್ಳಬಹುದು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನಮ್ಮ ನೀಲಿ ಬೋರ್ಡಿನ ಮೇಲಿದ್ದದ್ದು ತಿದ್ದುಪಡಿಗಿಂತ ಹಿಂದಿನ ಲೆಕ್ಕ. (ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಬೇರೆಯೇ ಕಾಯ್ದೆ ಇದೆ. ನಿಮ್ಮೂರಿನದು ಯಾರ ರಕ್ಷಣೆಯಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.)

ಇನ್ನು ದೂರದ ಲೆಕ್ಕ. ತಮ್ಮ ದೇವಸ್ಥಾನದ ಗೋಡೆಯಿಂದ ನಮ್ಮ ಜಗಲಿವರೆಗೆ ಟೇಪು ಹಿಡಿದು ಅಳೆದಿದ್ದ. 130 ಮೀಟರ್ ಮೇಲೆ ಬಂತು. ನೂರು ದಾಟಿತಲ್ಲ, ಅನುಮತಿ ಪಡೆದು ಹೊಸ ಮನೆಯನ್ನೇ ಕಟ್ಟಬಹುದು ಅಂತ ಖುಷಿಯಾಗಿದ್ದೆವು. ಆದರೆ ಕಾಯ್ದೆಯಲ್ಲಿ ಇರುವುದು ಸ್ಮಾರಕದ ಗೋಡೆಯಿಂದ ಅಂತ ಅಲ್ಲ, ರಕ್ಷಿತ ಪ್ರದೇಶದ ಗಡಿಯಿಂದ ಅಂತ. ಕಲ್ಯಾಣಿಯೂ ಆ ಗಡಿಯ ಒಳಗೇ ಬರುತ್ತದೆ. ಕಲ್ಯಾಣಿಯ ಆಚೆಯ ತಂತಿಬೇಲಿಯಿಂದ ಅಳೆದರೆ ನಮ್ಮ ಮನೆ 88 ಮೀಟರ್! ಒಂದೇ ಸಲಕ್ಕೆ ನಾವು ನಿಯಂತ್ರಿತ ಪ್ರದೇಶದಿಂದ ನಿಷೇಧಿತ ಪ್ರದೇಶದ ಒಳಗೆ ಬಂದೆವು. ತಮ್ಮ ಆ ಸಂಜೆ ಮಾತೇ ಆಡಲಿಲ್ಲ. ಹೊಸ ಮನೆಯ ನಕ್ಷೆಯನ್ನು ಅವನು ಆಗಲೇ ಮೊಬೈಲಿನಲ್ಲಿ ಇಟ್ಟುಕೊಂಡಿದ್ದ.

ಹಾಗಾಗಿ ಉಳಿದದ್ದು ಒಂದೇ ದಾರಿ, ದುರಸ್ತಿ. ಅದಕ್ಕೆ ಮನೆ 1992ಕ್ಕಿಂತ ಹಳೆಯದು ಅಂತ ದಾಖಲೆ ಬೇಕು. ತಾತನ ಕಾಲದ ಮನೆ ಅಂತ ಊರಿಗೆಲ್ಲ ಗೊತ್ತು, ಕಾಗದಕ್ಕೆ ಗೊತ್ತಿರಬೇಕಲ್ವಾ? ಇ-ಸ್ವತ್ತಿನ ನಮೂನೆ ತೆಗೆಸಿದೆವು. ಅದರಲ್ಲಿ ಮಾಲೀಕರು ಯಾರು, ಅಳತೆ ಎಷ್ಟು ಅಂತ ಇದೆ. ಯಾವಾಗ ಕಟ್ಟಿದ್ದು ಅಂತ ತಿಳಿಯುವುದಿಲ್ಲ. ಪಂಚಾಯಿತಿಯ ಹಳೆಯ ಪುಸ್ತಕ ಕೇಳಿದರೆ ಗೆದ್ದಲು ತಿಂದಿದೆ ಅಂದರು. ಎರಡು ದಿನ ಅಟ್ಟ ಹುಡುಕಿದೆವು. ಕೊನೆಗೆ ಅಮ್ಮ ತಮ್ಮ ಸೀರೆ ಟ್ರಂಕಿನ ತಳಕ್ಕೆ ಹಾಸಿದ್ದ ಹಳೆ ಪೇಪರಿನ ಕೆಳಗಿಂದ ಒಂದು ಕಟ್ಟು ತೆಗೆದರು. ಅಪ್ಪ ದಾರದಲ್ಲಿ ಕಟ್ಟಿಟ್ಟ ಮನೆ ಕಂದಾಯದ ರಸೀದಿಗಳು. 1989ರ ಒಂದು ರಸೀದಿಯ ಮೇಲೆ ಮಂಡಲ ಪಂಚಾಯಿತಿಯ ಗುಂಡು ಮೊಹರು ಇತ್ತು. ಗ್ರಾಮ ಪಂಚಾಯಿತಿಗಳು ಬಂದದ್ದು 1993ರ ಕಾಯ್ದೆಯಿಂದ. ಅದಕ್ಕೆ ಮೊದಲು ಇದ್ದದ್ದು ಮಂಡಲ ಪಂಚಾಯಿತಿ. ಆ ಮೊಹರೇ ಒಂದು ಸಾಕ್ಷಿಯಾಯಿತು. ಜೊತೆಗೆ ಎರಡು ಕೆಇಬಿ ಕರೆಂಟು ಬಿಲ್ಲು ಸಿಕ್ಕವು. ಅಪ್ಪ ಹೋಗಿ ಆಗ ಆರು ವರ್ಷ ಆಗಿತ್ತು. ಅವರ ಕೈಬರಹದಲ್ಲಿ ಆ ಕಟ್ಟಿನ ಮೇಲೆ "ಮನೆ, ಬಿಸಾಡಬೇಡಿ" ಅಂತ ಬರೆದಿತ್ತು. ಅಮ್ಮ ಅದನ್ನು ಓದಿ ಸುಮಾರು ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಅಕ್ಟೋಬರಿನಲ್ಲಿ ಅರ್ಜಿ ಹಾಕಿದೆವು. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಅನುಮತಿ ಕೊಡುವ ಅಧಿಕಾರ ಇರುವವರಿಗೆ. ಅವರು 15 ದಿನದೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳೊಳಗೆ ಅಭಿಪ್ರಾಯ ತಿಳಿಸಬೇಕು. ಅದು ಬಂದ ಮೇಲೆ ಒಂದು ತಿಂಗಳೊಳಗೆ ಅನುಮತಿ ಕೊಡುವುದೋ ಇಲ್ಲವೋ ಅಂತ ತೀರ್ಮಾನ ಆಗಬೇಕು. ಕಾಯ್ದೆಯ ಲೆಕ್ಕದಲ್ಲಿ ನಾಲ್ಕು ತಿಂಗಳೊಳಗೆ ಮುಗಿಯಬೇಕು. ನಮಗೆ ಆರು ತಿಂಗಳು ಮೇಲಾಯಿತು. ಅದರಲ್ಲಿ ಒಂದಷ್ಟು ನಮ್ಮ ಎಂಜಿನಿಯರ್ ಬರೆದ ಒಂದೇ ಪದದಿಂದ.

ಅವರು ನಕ್ಷೆಯ ಮೇಲೆ "ಹಿಂಬದಿ ಗೋಡೆಯ ಪುನರ್ ನಿರ್ಮಾಣ" ಅಂತ ಬರೆದಿದ್ದರು. ಬಿದ್ದ ಗೋಡೆಯನ್ನು ಮತ್ತೆ ಕಟ್ಟುವುದಕ್ಕೆ ಬೇರೆ ಏನು ಅಂತ ಬರೆಯುತ್ತಾರೆ, ಅಲ್ವಾ? ಆದರೆ ಕಾಯ್ದೆಯಲ್ಲಿ ಪುನರ್ ನಿರ್ಮಾಣಕ್ಕೆ ಬೇರೆ ಅರ್ಥ ಇದೆ. ಕಟ್ಟಡವನ್ನು ಮೊದಲಿದ್ದಷ್ಟೇ ಅಗಲ, ಎತ್ತರಕ್ಕೆ ಮತ್ತೆ ಎಬ್ಬಿಸಿದರೆ ಅದು ಪುನರ್ ನಿರ್ಮಾಣ. ಇರುವ ಕಟ್ಟಡದಲ್ಲೇ ಮಾಡುವ ಮಾರ್ಪಾಡು ದುರಸ್ತಿ, ನವೀಕರಣ. ನಿಷೇಧಿತ ಪ್ರದೇಶದಲ್ಲಿ ಎರಡನೆಯದಕ್ಕೆ ಮಾತ್ರ ಅವಕಾಶ. ನವೆಂಬರಿನಲ್ಲಿ ಅರ್ಜಿ ವಾಪಸು ಬಂತು. ಕಾರಣ ಒಂದು ಸಾಲಿನಲ್ಲಿತ್ತು. ಅದನ್ನು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಕಚೇರಿಯಲ್ಲಿ ಮೂರು ಸಲ ಕಾದೆ. ನಾಲ್ಕನೇ ಸಲ ಒಬ್ಬ ಹಿರಿಯ ಗುಮಾಸ್ತರು ನಕ್ಷೆ ಬಿಡಿಸಿ ನೋಡಿ ಕೇಳಿದರು. "ಮೇಡಂ, ಮಾಡು ನಿಂತಿದೆಯಾ?" ನಿಂತಿದೆ ಅಂದೆ. "ಮಿಕ್ಕ ಮೂರು ಗೋಡೆ?" ಇವೆ ಅಂದೆ. "ತಳಪಾಯ ಅಗೀತೀರಾ?" ಇಲ್ಲ, ಹಳೆ ಕಲ್ಲಿನ ತಳಪಾಯ ಗಟ್ಟಿಯಾಗೇ ಇದೆ ಅಂದೆ. "ಮತ್ತೆ ಇದು ದುರಸ್ತಿ ತಾನೇ? ಹಾಗಂತ ಬರೆಸಿ, ಫೋಟೋ ಇಡಿ" ಅಂದರು. ಐದು ನಿಮಿಷದ ಮಾತು. ಅದು ಮೊದಲೇ ಸಿಕ್ಕಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಡಿಸೆಂಬರಿನಲ್ಲಿ ಮತ್ತೆ ಸಲ್ಲಿಸಿದೆವು. ಈ ಸಲ ನಾಲ್ಕೂ ಕಡೆಯಿಂದ ಫೋಟೋ, ತೊಲೆಯ ಕೆಳಗೆ ಅಳತೆಪಟ್ಟಿ ಹಿಡಿದು ತೆಗೆದ ಫೋಟೋ, ಈಗಿನ ಎತ್ತರ, ಕೆಲಸ ಆದ ಮೇಲಿನ ಎತ್ತರ, ಎರಡೂ ಒಂದೇ ಅಂತ ತೋರಿಸುವ ನಕ್ಷೆ. ಅಮ್ಮನಿಗೆ ಹಿತ್ತಲಲ್ಲೊಂದು ಹೊಸ ಬಚ್ಚಲು ಬೇಕಿತ್ತು. ಅದು ಹೊಸ ಕಟ್ಟಡವಾಗುತ್ತದೆ. ಅದರ ಬದಲು ಹಸು ಇಲ್ಲದೆ ಖಾಲಿ ಬಿದ್ದಿದ್ದ, ಒಂದೇ ಮಾಡಿನ ಕೆಳಗಿರುವ ಕೊಟ್ಟಿಗೆಯನ್ನೇ ಬಚ್ಚಲು ಮಾಡುವುದಾಗಿ ಬರೆದೆವು. ಈಗ ಅನ್ನಿಸುತ್ತದೆ, ರಾತ್ರಿ ಹೊತ್ತು ಹಿತ್ತಲಿಗೆ ಹೋಗುವುದಕ್ಕಿಂತ ಇದೇ ಅಮ್ಮನಿಗೆ ಅನುಕೂಲ.

ಜನವರಿಯಲ್ಲಿ ಸ್ಥಳ ನೋಡಲು ಇಬ್ಬರು ಬಂದರು. ಒಬ್ಬರು ಅಳೆದರು, ಇನ್ನೊಬ್ಬರು ಫೋಟೋ ತೆಗೆದರು. ಹಿತ್ತಲಿಗೆ ಹೋದಾಗ ಫೋಟೋದವರು ಬಾವಿಕಟ್ಟೆಯ ಹತ್ತಿರ ನಿಂತುಬಿಟ್ಟರು. ನಮ್ಮ ಬಟ್ಟೆ ಒಗೆಯುವ ಕಲ್ಲು. ಅಜ್ಜಿಯ ಕಾಲದಿಂದ ಅದೇ ಕಲ್ಲು. ಮೇಲ್ಭಾಗ ಸೋಪಿನ ನೀರಿಗೆ ಸವೆದು ನುಣ್ಣಗಾಗಿದೆ. ಅವರು ಬಗ್ಗಿ ಪಕ್ಕಕ್ಕೆ ಅಂಟಿದ್ದ ಪಾಚಿಯನ್ನು ಹೆಬ್ಬೆರಳಿನಿಂದ ಒರೆಸಿದರು. ಅಡಿಯಲ್ಲಿ ಒಂದರ ಪಕ್ಕ ಒಂದು ಬಳೆ ತೊಡಿಸಿದ ಹಾಗೆ ಸಣ್ಣ ಸಣ್ಣ ಸುತ್ತುಗಳು. ತಿರುಗಣೆಯಲ್ಲಿ ಕಡೆದ ಕಂಬದ ತುಂಡು. ದೇವಸ್ಥಾನದ ನವರಂಗದಲ್ಲಿ ನಿಂತಿರುವ ಕಂಬಗಳದ್ದೇ ಬಳಪದ ಕಲ್ಲು, ಅದೇ ಸುತ್ತು. ಅರವತ್ತು ವರ್ಷ ನಮ್ಮ ಮನೆಯವರು ಅದರ ಮೇಲೆ ಬಟ್ಟೆ ಒಗೆದಿದ್ದಾರೆ. ನಾನೇ ಎಷ್ಟು ಸಲ ಅದರ ಮೇಲೆ ಕೂತು ಕಾಲು ತೊಳೆದಿದ್ದೇನೆ.

ಅಮ್ಮ ಗಾಬರಿಯಾದರು. "ಕದ್ದಿದ್ದಲ್ಲ ಸಾರ್, ನಮ್ಮತ್ತೆ ಮದುವೆಯಾಗಿ ಬಂದಾಗ್ಲೂ ಇಲ್ಲೇ ಇತ್ತಂತೆ" ಅಂದರು. ಅವರು ಅಮ್ಮನನ್ನು ಸಮಾಧಾನ ಮಾಡಿದರು. ಊರೂರಲ್ಲೂ ಹೀಗೇ ಅಮ್ಮ, ಬಿದ್ದ ಗುಡಿಯ ಕಲ್ಲು ಮೆಟ್ಟಿಲಾಗಿದೆ, ಒರಳಾಗಿದೆ ಅಂದರು. ಐಹೊಳೆಯಲ್ಲಿ ಒಂದು ಗುಡಿಗೆ ಅಲ್ಲಿ ವಾಸವಿದ್ದವರ ಹೆಸರೇ ಅಂಟಿಕೊಂಡು ಲಾಡಖಾನ್ ಗುಡಿ ಆಗಿರುವುದನ್ನೂ ಹೇಳಿದರು. ನಾವು ಕಲ್ಲನ್ನು ಕೊಟ್ಟುಬಿಡುತ್ತೇವೆ ಅಂತ ಬರೆದುಕೊಟ್ಟೆವು. ಒಂದು ವಾರದ ಮೇಲೆ ಆರು ಜನ ಬಂದು ಹಗ್ಗ, ಮರದ ದಿಮ್ಮಿ ಹಾಕಿ ಉರುಳಿಸಿಕೊಂಡು ಹೋದರು. ಈಗ ಅದು ದೇವಸ್ಥಾನದ ಪ್ರಾಂಗಣದಲ್ಲಿ ಮಿಕ್ಕ ಬಿಡಿ ಕಲ್ಲುಗಳ ಸಾಲಿನಲ್ಲಿದೆ. ಅಮ್ಮ ದೇವಸ್ಥಾನಕ್ಕೆ ಹೋದಾಗೆಲ್ಲ ಅದನ್ನೊಮ್ಮೆ ಮುಟ್ಟಿ ಬರುತ್ತಾರೆ.

ಅನುಮತಿ ಪತ್ರ ಬಂದದ್ದು ಏಪ್ರಿಲ್ ಕೊನೆಗೆ. ಅಷ್ಟು ತಿಂಗಳು ಹಿಂಬದಿಗೆ ಟಾರ್ಪಾಲು ಕಟ್ಟಿಕೊಂಡು ಅಮ್ಮ ಅಲ್ಲೇ ಇದ್ದರು. ಗಾಳಿ ಬಂದರೆ ಅದು ರಾತ್ರಿಯೆಲ್ಲ ಪಟಪಟ ಅನ್ನುತ್ತಿತ್ತು. ನನ್ನ ಸಿಟ್ಟು ಇಲ್ಲಿದೆ, ಮುಚ್ಚಿಡುವುದಿಲ್ಲ. ದೇವಸ್ಥಾನ ಉಳಿಯಬೇಕು, ಅದರ ಸುತ್ತ ನಾಲ್ಕು ಅಂತಸ್ತು ಏಳಬಾರದು, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಗೋಡೆ ಇಲ್ಲದ ಮನೆಯಲ್ಲಿರುವ ಒಬ್ಬ ವಯಸ್ಸಾದ ಹೆಂಗಸಿನ ಅರ್ಜಿಯೂ ದೊಡ್ಡ ಕಟ್ಟಡದ ಅರ್ಜಿಯೂ ಒಂದೇ ಸಾಲಿನಲ್ಲಿ ಕಾಯಬೇಕೇ? ಪ್ರತಿ ಸ್ಮಾರಕಕ್ಕೂ ಅದರ ಸುತ್ತ ಏನು ಮಾಡಬಹುದು, ಎಷ್ಟು ಎತ್ತರ, ಎಂಥ ಮಾಡು ಅಂತ ಪ್ರತ್ಯೇಕ ಪಾರಂಪರಿಕ ಉಪವಿಧಿ ಮಾಡಬೇಕು ಅಂತ 2010ರ ತಿದ್ದುಪಡಿಯಲ್ಲೇ ಇದೆ. ನಾವು ಅರ್ಜಿ ಹಾಕಿದಾಗ ನಮ್ಮ ದೇವಸ್ಥಾನಕ್ಕೆ ಅದು ಆಗಿರಲಿಲ್ಲ. ಆಗಿದ್ದರೆ ಊರಿನವರು ಓದಿ, ಅದಕ್ಕೆ ತಕ್ಕ ಹಾಗೆ ಮನೆ ಸರಿಮಾಡಿಕೊಳ್ಳುತ್ತಿದ್ದರು. ಅದಿಲ್ಲದೆ ಹೆದರಿದವರು ಮನೆ ಬೀಳಲು ಬಿಟ್ಟು ಹೈವೇ ಪಕ್ಕದ ಲೇಔಟಿಗೆ ಹೋಗುತ್ತಿದ್ದಾರೆ. ಐದರಲ್ಲಿ ಎರಡು ಮನೆಗೆ ಈಗಾಗಲೇ ಬೀಗ.

ಮೇ ಮೊದಲ ವಾರ ಕೆಲಸ ಶುರು. ಮಣ್ಣಿನ ಗೋಡೆ ಎಬ್ಬಿಸಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟವಾಯಿತು. ಪಕ್ಕದ ಊರಿನಿಂದ ಬಂದ ಮೇಸ್ತ್ರಿ ತಾತನಿಗೆ ಎಪ್ಪತ್ತರ ಮೇಲೆ. ಅವರು ಬಂದವರೇ ಬಿದ್ದ ಗುಡ್ಡೆಯಿಂದ ಒಂದು ಹೆಂಟೆ ತೆಗೆದು ಮುರಿದು ನನ್ನ ಕೈಗೆ ಕೊಟ್ಟರು. ಒಂದು ಕಡೆ ಸಿಮೆಂಟಿನ ಹಪ್ಪಳದಂಥ ಪದರ. ಅದರ ಹಿಂದೆ ಮಣ್ಣು ಇನ್ನೂ ತಣ್ಣಗೆ, ಹಸಿಯಾಗಿತ್ತು. ಮೇ ತಿಂಗಳ ಬಿಸಿಲಲ್ಲಿ! "ಇದೇ ನೋಡವ್ವ ಕೊಂದಿದ್ದು" ಅಂದರು.

ಆ ಸಿಮೆಂಟು ಬಳಿಸಿದ್ದು ಅಪ್ಪ. ಗೋಡೆ ಗಟ್ಟಿಯಾಗಲಿ ಅಂತ ಒಂದು ವರ್ಷ ಬೆಳೆ ಮಾರಿದ ದುಡ್ಡು ಹಾಕಿ ಮಾಡಿಸಿದ್ದರು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಸುಣ್ಣದ ಗಾರೆ ಇದ್ದರೆ ಅದರ ಮೂಲಕ ತೇವ ಹೊರಗೆ ಹೋಗುತ್ತದೆ. ಸಿಮೆಂಟು ಅದನ್ನು ತಡೆಯುತ್ತದೆ. ಬಿರುಕಿನಲ್ಲಿ ಒಳಗೆ ಇಳಿದ ಮಳೆನೀರಿಗೂ ಹೊರಗೆ ಬರಲು ದಾರಿ ಇರುವುದಿಲ್ಲ. ವರ್ಷಗಟ್ಟಲೆ ಹೀಗೆ ನೆನೆದ ಬುಡ 2022ರ ಮಳೆಗೆ ಕೈಬಿಟ್ಟಿತು. ಅಪ್ಪ ಪ್ರೀತಿಯಿಂದ ಮಾಡಿಸಿದ ಕೆಲಸ ಅದು. ಅವರಿಗೆ ಇದನ್ನು ಹೇಳುವವರು ಆಗ ಯಾರೂ ಇರಲಿಲ್ಲ.

ಹಳೆ ಮಣ್ಣನ್ನು ಎಸೆಯಲಿಲ್ಲ. ಸಿಮೆಂಟು ಆರಿಸಿ ತೆಗೆದು, ಜರಡಿ ಹಿಡಿದು, ಸ್ವಲ್ಪ ಹೊಸ ಮಣ್ಣು, ಕತ್ತರಿಸಿದ ಬತ್ತದ ಹುಲ್ಲು ಸೇರಿಸಿ ತುಳಿದು ಎರಡು ದಿನ ಬಿಟ್ಟರು. ಒಂದೂವರೆ ಅಡಿ ಎತ್ತರಕ್ಕೆ ಒಂದು ವರಸೆ ಹಾಕುವುದು, ಮೂರು ನಾಲ್ಕು ದಿನ ಒಣಗಲು ಬಿಡುವುದು, ಮತ್ತೆ ಮೇಲೊಂದು ವರಸೆ. ಅವಸರ ಮಾಡಿದರೆ ಕೆಳಗಿನದು ಉಬ್ಬುತ್ತದೆ. ಒಂಬತ್ತು ಅಡಿ ಏರಿ ತೊಲೆಗೆ ಮುಟ್ಟುವಷ್ಟರಲ್ಲಿ ಮೇ ಮುಗಿದಿತ್ತು. ಹೆಂಚು ಹೊದಿಸಿ, ಸೂರು ಒಂದು ಅಡಿ ಮುಂದೆ ಚಾಚಿದ್ದರೆ ಚೆನ್ನಾಗಿತ್ತು ಅಂತ ತಾತ ಅಂದರು. ಅನುಮತಿಯಲ್ಲಿ ಇದ್ದ ಅಳತೆಯೇ ಇರಬೇಕು ಅಂತ ಷರತ್ತಿತ್ತು. ಹಾಗಾಗಿ ಬಿಟ್ಟೆವು. ಬದಲಿಗೆ ಗೋಡೆಯ ಬುಡಕ್ಕೆ ಇಳಿಜಾರು ಮಾಡಿ, ಸೂರಿನ ನೀರು ಹಿತ್ತಲ ಕಡೆ ಹರಿದು ಹೋಗುವ ಹಾಗೆ ಮಾಡಿದರು.

ಗಾರೆ ಮಳೆ ಕಳೆದ ಮೇಲೆ ಅಂತ ಆಯಿತು. ನಾವು ಅದಕ್ಕೆ ಕಾಯುತ್ತಿರುವಾಗಲೇ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದ ಸುದ್ದಿ ಬಂತು. ನಮ್ಮದು ಆ ಪಟ್ಟಿಯಲ್ಲಿಲ್ಲ. ಆದರೂ ಊರಲ್ಲಿ ಒಂದು ಸಡಗರ. ಚಿಕ್ಕಪ್ಪನೇ ಜಗಲಿಯಲ್ಲಿ ಪೇಪರ್ ಓದಿ ಹೇಳಿದರು.

ನವೆಂಬರಿನಲ್ಲಿ ಮೇಸ್ತ್ರಿ ತಾತ ಸುಟ್ಟ ಸುಣ್ಣದ ಕಲ್ಲು ತರಿಸಿದರು. ತೊಟ್ಟಿಯ ನೀರಿಗೆ ಹಾಕಿದ ಕೂಡಲೇ ಬುಸ್ ಅಂತ ಕುದಿಯಿತು. ಹತ್ತಿರ ಹೋಗಬೇಡಿ ಅಂತ ಎಲ್ಲರನ್ನೂ ದೂರ ಸರಿಸಿದರು. ಅರಳಿದ ಸುಣ್ಣವನ್ನು ಮೂರು ವಾರ ನೀರಿನಡಿಯಲ್ಲೇ ಇಟ್ಟು, ಸೋಸಿ, ಒಂದಕ್ಕೆ ಮೂರರಂತೆ ಮರಳು ಸೇರಿಸಿದರು. ಬೆಲ್ಲ ಕರಗಿಸಿದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದರು. ಹಿತ್ತಲಲ್ಲೆಲ್ಲ ಹುಳಿಸಿದ ಬೆಲ್ಲದ ವಾಸನೆ. ಕರಣೆಗೆ ಅಂಟದೆ ಬೆಣ್ಣೆಯ ಹಾಗೆ ಜಾರುವವರೆಗೆ ಅವರು ಒಪ್ಪಲಿಲ್ಲ. ತೆಳುವಾಗಿ ಎರಡು ಕೈ ಬಳಿದು, ಬೇಗ ಒಣಗದಿರಲಿ ಅಂತ ಒದ್ದೆ ಗೋಣಿಚೀಲ ಇಳಿಬಿಟ್ಟರು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ತಾತ ಅದನ್ನು "ವರ್ಷ ಹೋದಷ್ಟೂ ಗಟ್ಟಿ" ಅಂತ ಹೇಳಿದರು.

ಆಮೇಲೆ ಎರಡು ಮಳೆಗಾಲ ಕಳೆದಿವೆ. ಹಿಂಬದಿ ಗೋಡೆಯ ಬುಡ ಒಣಗಿದೆ. ತಮ್ಮ ಊರಿಗೆ ಹೋದಾಗೆಲ್ಲ ಅಂಗೈ ಇಟ್ಟು ನೋಡುತ್ತಾನೆ. ಪಡುವಣ ಗೋಡೆಗೆ ಅಪ್ಪ ಬಳಿಸಿದ ಸಿಮೆಂಟು ಇನ್ನೂ ಇದೆ. ಬುಡದಿಂದ ಎರಡಡಿವರೆಗೆ ಬಣ್ಣ ಉದುರುತ್ತಿದೆ. ಬೇಸಿಗೆಗೆ ಮುಂಚೆ ಅದನ್ನು ಬಿಡಿಸಬೇಕು. ಅರ್ಜಿ ಬರೆದಿಟ್ಟಿದ್ದೇನೆ, ಮೊದಲ ಸಾಲಿನಲ್ಲೇ ದುರಸ್ತಿ ಅಂತ ಇದೆ. 1989ರ ರಸೀದಿಯ ನಕಲು ಮಾಡಿಸಿ, ಅಸಲನ್ನು ಅಪ್ಪನ ದಾರದಲ್ಲೇ ಕಟ್ಟಿ ಅಮ್ಮ ಮತ್ತೆ ಟ್ರಂಕಿನೊಳಗೆ ಇಟ್ಟಿದ್ದಾರೆ.